ಮೋಸ ಅವನದು, ಶಿಕ್ಷೆ ಅವಳಿಗೇ?

ಗೆಳತಿಯರೇ, 1971ರ 'ಶರಪಂಜರ' ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಲ್ಪನಾ ಅಭಿನಯ. ಬಾಣಂತಿ ಕಾವೇರಿಗೆ ಬಂದದ್ದು ಕಾಯಿಲೆ. ಗಂಡ ಮಾಡಿದ್ದು ಮೋಸ. ಗುಣವಾಗಿ ಮನೆಗೆ ಬಂದವಳು ಮತ್ತೆ ಮಾನಸಿಕ ಆಸ್ಪತ್ರೆಗೆ, ಮೋಸ ಮಾಡಿದವನು ಮನೆಯಲ್ಲೇ! ನಾವು ಅವಳಿಗಾಗಿ ಅತ್ತೆವು, ಅವನನ್ನು ಪ್ರಶ್ನಿಸಲಿಲ್ಲ.

ನಮ್ಮ ಚಿತ್ರಗಳಲ್ಲಿ ಹೆಂಗಸು ತಪ್ಪಿದರೆ ಸಾವು, ಗಂಡಸು ತಪ್ಪಿದರೆ ಕೊನೆಯ ರೀಲಿನಲ್ಲಿ ಎರಡು ಹನಿ ಕಣ್ಣೀರಿಗೆ ಕ್ಷಮೆ. ಇದೆಂಥ ನ್ಯಾಯ?

ಮಹೇಶ್ ಭಟ್ಟರ ಹಿಂದಿ ಚಿತ್ರ 'ಅರ್ಥ್' (1982) ಈ ಲೆಕ್ಕವನ್ನು ಒಪ್ಪಲಿಲ್ಲ. ಇನ್ನೊಬ್ಬಳ ಹಿಂದೆ ಹೋಗಿದ್ದ ಗಂಡ ಮರಳಿ ಬಂದಾಗ ಪೂಜಾ (ಶಬಾನಾ ಆಜ್ಮಿ) ಕೇಳುತ್ತಾಳೆ, ತಾನು ಹೀಗೆ ಮಾಡಿದ್ದರೆ ಅವನು ಸೇರಿಸಿಕೊಳ್ಳುತ್ತಿದ್ದನೇ ಎಂದು. ಇಲ್ಲ ಎನ್ನುತ್ತಾನೆ. ಚಿತ್ರದುದ್ದಕ್ಕೂ ಅವನಾಡಿದ ನಿಜ ಅದೊಂದೇ ಇರಬೇಕು! ಅವಳು ಹೊರಟುಬಿಡುತ್ತಾಳೆ.

ನನ್ನನ್ನು ಹೆಚ್ಚು ಕಾಡಿದವಳು ಅವಳ ಮನೆಗೆಲಸದಾಕೆ. ಮಗಳ ಶಾಲೆಗೆಂದು ಕೂಡಿಟ್ಟ ಹಣವನ್ನು ಗಂಡ ಕದ್ದು ಹಾಳು ಮಾಡುತ್ತಾನೆ. ಅವನನ್ನು ಕೊಂದು ಆಕೆ ಪೊಲೀಸ್ ಠಾಣೆ ಸೇರುತ್ತಾಳೆ. ಕೊಲೆಯನ್ನು ನಾನು ಒಪ್ಪುವವಳಲ್ಲ. ಆದರೆ ಸಂಘದ ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ನಿಮಗೆ ಆ ದೃಶ್ಯವನ್ನು ಯಾವ ಮೇಷ್ಟರೂ ಬಿಡಿಸಿ ಹೇಳಬೇಕಾಗಿಲ್ಲ.