‘ಸರ್ವರ್ ಡೌನ್’ ಅಂದರೆ ಸಾಲದು

ಪಡಿತರದ ಸಾಲಿನಲ್ಲಿ ನಿಂತವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಹೊಸದಲ್ಲ. ಕೂಲಿ ಬಿಟ್ಟು ಬಂದವರು ಖಾಲಿ ಚೀಲ ಹಿಡಿದು ವಾಪಸ್ ಹೋಗುತ್ತಾರೆ. ಏನು ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆಗಳು ನಿಂತುಹೋದವು. ನಮ್ಮ ಬಿಡದಿಯಲ್ಲೂ ಕಾರು ಮಾಡುವ ಅದೇ ಕಂಪನಿ. ಇದು ಹ್ಯಾಕರ್‌ಗಳ ಕೆಲಸವಲ್ಲ ಎಂದು ಕಂಪನಿಯೇ ಆಮೇಲೆ ಹೇಳಿತು. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ನಲ್ಲಿ ಜಾಗ ಮುಗಿದಿತ್ತು, ಅಷ್ಟೇ! ಎರಡು ದಿನ ಮೊದಲು ಡೇಟಾಬೇಸಿನಲ್ಲಿ ಸೇರಿದ್ದ ಡೇಟಾ ಅಳಿಸಿ ಒಪ್ಪ ಮಾಡಲು ಹೊರಟಾಗಲೇ ಡಿಸ್ಕ್ ಸಾಲದೆ ಹೋಯಿತು. ಬದಲಿ ಸರ್ವರ್ ಕೂಡ ಅದೇ ವ್ಯವಸ್ಥೆಯಲ್ಲಿತ್ತು, ಅದೂ ಕೈಕೊಟ್ಟಿತು. ಹೆಚ್ಚು ಜಾಗವಿರುವ ಸರ್ವರ್‌ಗೆ ಡೇಟಾ ಸಾಗಿಸಿದ ಮೇಲೆ ಮರುದಿನ ಕೆಲಸ ಶುರುವಾಯಿತು.

ಅಳಿಸುವುದಕ್ಕೂ ಜಾಗ ಬೇಕೇ? ಬೇಕು. ಏನೇನು ಅಳಿಸಿದೆ ಎಂಬುದನ್ನೂ ಡೇಟಾಬೇಸ್ ಲಾಗ್‌ನಲ್ಲಿ ಬರೆದಿಡುತ್ತದೆ. ಕಣಜ ಖಾಲಿ ಮಾಡಲು ಕಾಳು ಹರಡುವ ಅಂಗಳ ಬೇಕಲ್ಲ, ಹಾಗೆ.

ಅಷ್ಟು ದೊಡ್ಡ ಕಂಪನಿ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿತು. ಇಲ್ಲೇಕೆ ಆಗದು? ಸರ್ವರ್ ನಿಂತ ದಿನ ಕಾರಣವನ್ನೂ, ಸರಿಹೋಗುವ ಹೊತ್ತನ್ನೂ ಅಂಗಡಿಯ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಲಿ. ಮನೆಯಿಂದ ಹೊರಡುವ ಮೊದಲೇ ನಮ್ಮ ಮೊಬೈಲಿಗೊಂದು ಮೆಸೇಜ್ ಬಂದರೆ ಆ ದಿನದ ಕೂಲಿಯಾದರೂ ಉಳಿಯುತ್ತದೆ.