ಬಾಣಂತನ ಮುಗಿಯುವವರೆಗೆ ಕಾಯದ ಕಣ್ಣು



ಕಣ್ಣಿನ ಪೊರೆ ಎಂದೊಡನೆ ನಮಗೆ ನೆನಪಾಗುವವರು ಅಜ್ಜ ಅಜ್ಜಿಯರು. ಅವರ ಪೊರೆಯನ್ನು ಕೆಲವು ತಿಂಗಳು ತಡವಾಗಿ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಆದರೆ ಕೆಲವು ಶಿಶುಗಳಿಗೆ ಹುಟ್ಟುವಾಗಲೇ ಪೊರೆ ಇರುತ್ತದೆ. ಅಂಥಲ್ಲಿ "ಬಾಣಂತನ ಮುಗಿಯಲಿ, ಕೂಸು ಸ್ವಲ್ಪ ಬಲಿಯಲಿ" ಎಂಬ ಹಿರಿಯರ ಮಾತು, ಎಷ್ಟೇ ವಾತ್ಸಲ್ಯದಿಂದ ಬಂದಿದ್ದರೂ, ಹಾನಿಕರವೆಂಬುದು ನನ್ನ ದೃಢ ಅಭಿಪ್ರಾಯ.

ಕಾರಣವಿಷ್ಟೆ: ನೋಡುವುದು ಕಣ್ಣೊಂದೇ ಅಲ್ಲ, ಮಿದುಳು ಕೂಡ. ಅದು ನೋಡಲು ಕಲಿಯಬೇಕು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟು ಪರೀಕ್ಷಿಸಿದರು. ಅನಂತರ ತೆರೆದರೂ ಆ ಕಣ್ಣಿಗೆ ಮಿದುಳು ಸರಿಯಾಗಿ ಓಗೊಡಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. ದೃಷ್ಟಿಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರು ನೊಬೆಲ್ ಪಾರಿತೋಷಕ ಪಡೆದರು.

ಆದ್ದರಿಂದಲೇ ದಟ್ಟವಾದ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಸುಮಾರು 6 ವಾರದೊಳಗೆ, ಎರಡರಲ್ಲೂ ಇದ್ದರೆ ಸುಮಾರು 8 ವಾರದೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳಿತೆನ್ನುತ್ತಾರೆ ತಜ್ಞರು. ಮೊದಲ 4 ವಾರಗಳಲ್ಲೇ ಮಾಡಿದರೆ ಮುಂದೆ ಗ್ಲಾಕೋಮಾ ಬರುವ ಭಯ ಹೆಚ್ಚು. ಹಾಗಾಗಿ ದಿನ ಗೊತ್ತುಮಾಡುವವರು ವೈದ್ಯರೇ. ಸಕಾಲದಲ್ಲಿ ತೋರಿಸುವುದಷ್ಟೇ ನಮ್ಮ ಹೊಣೆ. ಮೂರು ತಿಂಗಳ ಬಾಣಂತನವಾದರೋ ಈ ಗಡುವನ್ನು ದಾಟಿಬಿಡುತ್ತದೆ. ಲಸಿಕೆಗೆಂದು ಒಂದೂವರೆ ತಿಂಗಳಿಗೆ ಹೊಸ್ತಿಲು ದಾಟುವ ಕೂಸು ಕಣ್ಣಿಗಾಗಿ ಇನ್ನೂ ಮೊದಲೇ ದಾಟಬಾರದೇಕೆ?

ಶಸ್ತ್ರಚಿಕಿತ್ಸೆಯೊಂದಿಗೆ ಕೆಲಸ ಮುಗಿಯದು. ಮಸೂರ ತೆಗೆದ ಕಣ್ಣಿಗೆ ದಪ್ಪ ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ ಬೇಕು. ತೊಂದರೆ ಒಂದೇ ಕಣ್ಣಿನದಾದರೆ, ಒಳ್ಳೆಯ ಕಣ್ಣನ್ನು ದಿನವೂ ಕೆಲವು ಗಂಟೆ ಪಟ್ಟಿಯಿಂದ ಮುಚ್ಚಿ ದುರ್ಬಲ ಕಣ್ಣಿಗೆ ಪಾಠ ಕಲಿಸಬೇಕು, ಅದೂ ವರ್ಷಗಟ್ಟಲೆ. ಮಗು ಅತ್ತಿತೆಂದು ಪಟ್ಟಿ ಬಿಚ್ಚುವುದು ಕರುಣೆಯಲ್ಲ.

ಹಾಗೆಂದು ತಡವಾದವರು ಕೈಚೆಲ್ಲಬೇಕಾಗಿಲ್ಲ. ವಿಜ್ಞಾನಿ ಪವನ್ ಸಿನ್ಹಾ ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್' ನಮ್ಮ ದೇಶದಲ್ಲೇ ಎಷ್ಟೋ ವರ್ಷ ಕುರುಡಾಗಿದ್ದ ಮಕ್ಕಳಿಗೆ ಚಿಕಿತ್ಸೆ ಕೊಡಿಸಿದೆ. ಅವರು ಬಹಳಷ್ಟನ್ನು ನೋಡಲು ಕಲಿತರು. ಆದರೆ ನೋಟದ ಸೂಕ್ಷ್ಮತೆ ಪೂರ್ತಿ ಕೈಗೂಡಲಿಲ್ಲ.

ನನ್ನ ಮೊದಲ ತಂಡಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಜ್ಜ ಅಜ್ಜಿಯರಾಗಿದ್ದೀರಿ. ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆ. ಬಾಣಂತಿ ಕೋಣೆಯ ಮಬ್ಬಿನಿಂದ ಕೂಸನ್ನು ಬೆಳಕಿಗೆ ತಂದು ಕಣ್ಣಿನ ಪಾಪೆಯನ್ನು ನೋಡಿರಿ. ಬೆಳ್ಳಗೆ ಕಂಡರೆ ಅಂದೇ ನೇತ್ರವೈದ್ಯರಲ್ಲಿಗೆ ಹೋಗಿರಿ. ಅದು ಪೊರೆಯಲ್ಲದೆ ಕಣ್ಣೊಳಗಿನ ಗಡ್ಡೆಯೂ ಆಗಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಪೊರೆಗೂ ಉಚಿತ ಚಿಕಿತ್ಸೆಯ ಅವಕಾಶವಿದೆ. "ಆಮೇಲೆ ನೋಡೋಣ" ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬಾರದಿರಲಿ.