ಮುದ್ದೆಕೋಲು ಯಾರ ಕೈಗೆ?

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ ನಾವು ತಂದೆಯಲ್ಲಿ ಬೇಡುವುದು ಅನುದಿನದ ರೊಟ್ಟಿಯನ್ನು. ಕನ್ನಡದಲ್ಲಿ ಪ್ರಾರ್ಥಿಸುವಾಗ ರೊಟ್ಟಿಯೆನ್ನದೆ ಆಹಾರವೆನ್ನುತ್ತೇವೆ. ಭಾಷಾಂತರಕಾರರು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಪಾಲೆಸ್ತೀನದ ಮನೆಯಲ್ಲಿ ರೊಟ್ಟಿಗಿದ್ದ ಸ್ಥಾನ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಮನೆಗಳಲ್ಲಿ ರಾಗಿಮುದ್ದೆಗಿದೆ. ಇಲ್ಲಿನ ಹಿರಿಯರು ಅದನ್ನು ಬರಿದೆ ‘ಹಿಟ್ಟು’ ಎನ್ನುವುದೂ ಉಂಟು. ಬ್ರೆಡ್ಡು ನಮಗೆ ಬೇಕರಿಯಿಂದ ಬರುವ, ಹೆಚ್ಚಾಗಿ ಜ್ವರ ಬಂದಾಗ ನೆನಪಾಗುವ ಪದಾರ್ಥ.

ಗೋಧಿಯ ರೊಟ್ಟಿ ತಿಂದು ಬೆಳೆದವರು ಈ ನೆಲಕ್ಕೆ ಬಾರದೆ ಇರಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಡೆಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಹುಕಾಲ ಉಳಿದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದ ಅಬ್ಬೆ ದ್ಯುಬುವಾ ಸ್ವಾಮಿಗಳೂ ಫ್ರಾನ್ಸಿನವರೇ. ಗಂಜಾಂನ ದೇವಾಲಯದೊಡನೆ ಅವರ ಹೆಸರು ಬೆಸೆದುಕೊಂಡಿದೆ. ಈ ನಾಡಿನ ಉಡುಗೆ, ನಡೆನುಡಿ, ಊಟಗಳನ್ನು ಅವರು ತಮ್ಮದಾಗಿಸಿಕೊಂಡರು.

ಕೃಷ್ಣರಾಜಸಾಗರದ ನೀರು ಕಾಲುವೆಗಳಲ್ಲಿ ಹರಿದು ಭತ್ತ, ಕಬ್ಬು ಹಬ್ಬಿದ ಮೇಲೂ ಮುದ್ದೆ ಊಟದ ತಟ್ಟೆಯಿಂದ ಮರೆಯಾಗಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಸಂಕರಿಸಿ ‘ಇಂಡಾಫ್’ ರಾಗಿಯನ್ನು ನೀಡಿದರು. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 300 ಮಿಲಿಗ್ರಾಂಗೂ ಮಿಕ್ಕಿದೆಯೆಂದು ವೈದ್ಯರು ಈಗ ಪಟ್ಟಣದವರಿಗೂ ಹೇಳುತ್ತಿದ್ದಾರೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಹೀಗಿರಲು ರಾಗಿಗೆ ಅಪಾಯವೇನೂ ಇಲ್ಲ. ನಮ್ಮ ಕಳವಳ ಮುದ್ದೆ ಕಟ್ಟುವ ಕೈಯನ್ನು ಕುರಿತದ್ದು.

ಗೋಧಿಹಿಟ್ಟಿಗೆ ಜಿಗುಟುಂಟು, ನಾದಿದರೆ ಹಿಗ್ಗುತ್ತದೆ, ಹುದುಗಿದರೆ ಉಬ್ಬುತ್ತದೆ. ರಾಗಿಹಿಟ್ಟಿಗೆ ಆ ಗುಣವಿಲ್ಲ. ಅದನ್ನು ಒಂದುಗೂಡಿಸುವುದು ಕುದಿಯುವ ಎಸರು. ಮೊದಲು ಒಂದಿಷ್ಟು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡಬೇಕು. ಕೆಲವು ಮನೆಗಳಲ್ಲಿ ಅಕ್ಕಿನುಚ್ಚನ್ನೂ ಬೇಯಿಸುವುದುಂಟು. ಎಸರು ಮರಳಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಕೋಲಿನಿಂದ ತೂತುಮಾಡಿ ಬೇಯಲು ಬಿಡಬೇಕು. ಆತುರಪಟ್ಟರೆ ಗಂಟಾಗುತ್ತದೆ, ಮೈಮರೆತರೆ ತಳ ಹಿಡಿಯುತ್ತದೆ. ಬಳಿಕ ಪಾತ್ರೆಯನ್ನು ಅಲುಗದಂತೆ ಅದುಮಿ ಹಿಡಿದು ಮುದ್ದೆಕೋಲಿನಿಂದ ಬಲವಾಗಿ ತಿರುವಬೇಕು. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆಯೆಂದು ಅರ್ಥ. ಕೊನೆಗೆ, ಸುಡುವ ಹಿಟ್ಟನ್ನು ನೀರು ಮುಟ್ಟಿದ ಅಂಗೈಯಲ್ಲಿ ಉಂಡೆಗಟ್ಟುವುದು. ಎಷ್ಟು ನೀರಿಗೆ ಎಷ್ಟು ಹಿಟ್ಟೆಂದು ಯಾವ ಅಜ್ಜಿಯನ್ನು ಕೇಳಿದರೂ ಬರುವ ಉತ್ತರ ಒಂದೇ: ಕೈಯಂದಾಜು. ಮಾಡಿ ಕಲಿಯಬೇಕಾದುದನ್ನು ಮಾಡುತ್ತಲೇ ಕಲಿಯುತ್ತೇವೆಂದು ಅರಿಸ್ಟಾಟಲ್ ಹೇಳಿದ್ದನ್ನು ಗುರುಮಠದಲ್ಲಿ ನಾವು ವರ್ಷಗಟ್ಟಲೆ ಓದಿದೆವು; ಅಜ್ಜಿಯಂದಿರು ಅದನ್ನು ಓದದೆಯೇ ಬಲ್ಲರು.

ಈ ಕೈಯಂದಾಜು ಇದುವರೆಗೆ ಸಾಗಿ ಬಂದದ್ದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ. ಇಂದು ಮಗಳು ಓದಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಾಳೆ. ಅದು ಸಂತೋಷದ ಸಂಗತಿ. ಅವಳನ್ನು ಒಲೆಯ ಮುಂದೆ ಮರಳಿ ಕೂರಿಸಬೇಕೆನ್ನುವವರ ಪಂಕ್ತಿಯಲ್ಲಿ ನಾವಿಲ್ಲ. ಇನ್ನು ಸೊಸೆ ಬರುವುದೇ ದುರ್ಲಭವಾಗಿದೆ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧು–ವರರ ಸಮಾವೇಶದಲ್ಲಿ ಗಂಡುಗಳ ಸಂಖ್ಯೆ ಹತ್ತು ಸಾವಿರ ದಾಟಿದರೆ ಹೆಣ್ಣುಮಕ್ಕಳು ಕೆಲವೇ ನೂರು. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಯುವಕರು ಮಂಡ್ಯ ಜಿಲ್ಲೆಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೊಲವನ್ನೇ ನಂಬಿರುವ ನಮ್ಮ ಕ್ರೈಸ್ತ ಕುಟುಂಬಗಳು ಈ ಬವಣೆಗೆ ಹೊರತೆಂದು ಭಾವಿಸಬೇಕಿಲ್ಲ. ಎಪ್ಪತ್ತು ದಾಟಿದ ತಾಯಿ, ನಲವತ್ತು ಸಮೀಪಿಸಿದ ಅವಿವಾಹಿತ ಮಗ: ಇಬ್ಬರೇ ಇರುವ ಮನೆಗಳು ಈ ಸೀಮೆಯಲ್ಲಿ ಅಪರೂಪವಲ್ಲ. ತಾಯಿ ಹಾಸಿಗೆ ಹಿಡಿದ ದಿನ ಆ ಮಗ ಹೋಟೆಲಿನಿಂದ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಾನೆ. ರಾಗಿಯನ್ನು ಬಿತ್ತಿ, ಕಳೆ ತೆಗೆದು, ತೆನೆ ಕೊಯ್ದು, ಕಣ ಮಾಡಿ, ಮಿಲ್ಲಿನಲ್ಲಿ ಬೀಸಿಸಿ ತಂದವನಿಗೆ ಹೆತ್ತವಳಿಗೊಂದು ಮುದ್ದೆ ಮಾಡಿಕೊಡಲು ಬಾರದು. ಇದು ಅವನೊಬ್ಬನ ತಪ್ಪಲ್ಲ. ಯಾರೂ ಕಲಿಸಲಿಲ್ಲ, ಅವನು ಕಲಿಯಬೇಕೆಂದು ಯಾರಿಗೂ ತೋಚಲಿಲ್ಲ.

ಒಲೆಯ ಕೆಲಸ ಗಂಡಸಿಗೆ ಕುಂದೆಂಬ ಮಾತಿನಲ್ಲಿ ಹುರುಳಿಲ್ಲ. ಬೀಗರೂಟಗಳಲ್ಲಿ ಬೆವರು ಸುರಿಸಿ ನೂರಾರು ಮುದ್ದೆ ಕಟ್ಟುವವರು ಗಂಡಸರೇ ಅಲ್ಲವೇ? ಪುನರುತ್ಥಾನರಾದ ಪ್ರಭುವೇ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ ಸಿದ್ಧವಿರಿಸಿಕೊಂಡು, ರಾತ್ರಿಯಿಡೀ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅವನ ವಿಶ್ವಾಸ ಮೊದಲು ಅಜ್ಜಿಯಲ್ಲಿ, ಬಳಿಕ ತಾಯಿಯಲ್ಲಿ ನೆಲೆಸಿತ್ತೆಂದು ನೆನಪಿಸುತ್ತಾರೆ. ಅಜ್ಜಿಯ ಸೊತ್ತು ಅಲ್ಲಿ ಒಬ್ಬ ಗಂಡುಮಗನ ಪಾಲಿಗೆ ಬಂತು.

ಪ್ರತಿ ಮನೆಯಲ್ಲೂ ಭಾನುವಾರದ ಬಲಿಪೂಜೆಯ ತರುವಾಯ ಅಜ್ಜಿಯೋ ತಾಯಿಯೋ ಪಕ್ಕದಲ್ಲಿ ಕುಳಿತು ಹೇಳಿಕೊಡಲಿ. ಕೋಲನ್ನು ಹುಡುಗ ಹಿಡಿಯಲಿ. ಹತ್ತು–ಹನ್ನೆರಡು ವರ್ಷದವನಾದರೆ ಎಸರಿನ ಪಾತ್ರೆಯನ್ನು ದೊಡ್ಡವರೇ ಇಳಿಸಿಕೊಡಬೇಕು. ಉಪ್ಸಾರಿನ ಪಾಠ ಮುಂದಿನ ವಾರಕ್ಕಿರಲಿ. ಮೊದಲ ಸಲ ಗಂಟಾದೀತು, ಅರ್ಧ ಬೆಂದೀತು. ಗಂಟುಗಳನ್ನು ಬದಿಗೆ ತೆಗೆದು, ಆ ದಿನದ ಮಟ್ಟಿಗೆ ಸಾರನ್ನು ಸ್ವಲ್ಪ ಹೆಚ್ಚು ಬಡಿಸಿಕೊಂಡರಾಯಿತು.